ಕಾಳುಬೆಳೆಗೆ ಯೂರಿಯಾ ಬೇಡ, ಬೇರುಗಂಟು ಬೇಕು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಕೃಷಿಕ ಬಂಧುಗಳಲ್ಲಿ ವಿಜ್ಞಾಪನೆ

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಷ್ಟೂ ಬೆಳೆಗೆ ಲಾಭವೇ ಆಗುವುದೆಂದೂ, ಅದರ ವಿಷಯದಲ್ಲಿ ಒಕ್ಕಲಿಗನು ಚಿಂತಿಸಬೇಕಾದುದಿಲ್ಲವೆಂದೂ ಹೇಳುವವರ ಮಾತಿನಲ್ಲಿ ಅರ್ಧ ಸತ್ಯವುಂಟು; ಉಳಿದರ್ಧವು ನಮ್ಮ ಎರೆಹೊಲದ ಮಣ್ಣಿನೊಳಗಿರುವುದರಿಂದ ಅದನ್ನು ನಿವೇದಿಸುವುದೇ ಈ ಕರಪತ್ರದ ಉದ್ದೇಶ.

ಯಂತ್ರಯುಗಕ್ಕೆ ಮುನ್ನ ವಾಯುವಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗದಷ್ಟಿದ್ದ ಈ ಅನಿಲವು, ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಅಳತೆ ಆರಂಭವಾದ 1958ರಲ್ಲಿ 315ರ ಆಸುಪಾಸಿನಲ್ಲಿದ್ದು, ಈಗ 420ನ್ನು ಮೀರಿದೆ. ಜೋಳ, ಗೋವಿನಜೋಳ, ಕಬ್ಬುಗಳು ಅದನ್ನು ಎಲೆಯೊಳಗೆ ಸಾಂದ್ರಗೊಳಿಸಿಕೊಳ್ಳುವ ಏರ್ಪಾಡನ್ನು ಮೊದಲೇ ಪಡೆದಿರುವುದರಿಂದ ಅವುಗಳಿಗೆ ಈ ಹೆಚ್ಚಳದ ಪ್ರಯೋಜನ ಅತ್ಯಲ್ಪ; ಕಡಲೆ, ಹೆಸರು, ತೊಗರಿ, ಸೋಯಾಬೀನುಗಳಿಗಾದರೋ ಅದು ಗಣನೀಯ. ಏಕೆಂದರೆ ಈ ದ್ವಿದಳ ಸಸ್ಯಗಳು ಎಲೆಯಲ್ಲಿ ಹೆಚ್ಚಾಗಿ ಸಿದ್ಧವಾದ ಶರ್ಕರವನ್ನು ಬೇರುಗಂಟಿನ ರೈಜೋಬಿಯಂ ಜೀವಾಣುಗಳಿಗೆ ಉಣಿಸಿ, ಪ್ರತಿಫಲವಾಗಿ ಗಾಳಿಯ ಸಾರಜನಕವನ್ನೇ ಗೊಬ್ಬರವಾಗಿ ಪಡೆಯಬಲ್ಲವು. ಬೇರೆ ಬೆಳೆಗಳಿಗೆ ಈ ಭಾಗ್ಯವಿಲ್ಲ.

ಆದರೆ ಗಂಟೇ ದುರ್ಬಲವಾದರೆ ಎಲೆ ಗಳಿಸಿದ್ದೆಲ್ಲ ವ್ಯರ್ಥ; ಬರ ಬಿದ್ದರೂ ಆ ಲಾಭ ಉಳಿಯದು. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಬಯಲಿನ ಸೋಯಾಬೀನಿಗೆ ಈ ಅನಿಲವನ್ನು 550 ಭಾಗದವರೆಗೆ ಹಾಯಿಸಿದಾಗ ಇಳುವರಿ ಸುಮಾರು ಶೇಕಡಾ 15ರಷ್ಟು ಏರಿತಾದರೂ, ಅಲ್ಲಿಯೇ ಮುಂದುವರಿದು 2016ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಬರ ಹೆಚ್ಚಿದಂತೆ ಆ ಲಾಭವು ಕುಗ್ಗಿಹೋದುದು ಕಂಡುಬಂದಿತು. ಮಳೆ ನಿಂತ ಮೇಲೆ ಎರೆಮಣ್ಣಿನ ಹಸಿಯೊಂದನ್ನೇ ನಂಬಿ ಹಿಂಗಾರಿ ಕಡಲೆ ಬೆಳೆಯುವ ಸವದತ್ತಿ, ರಾಮದುರ್ಗಗಳಿಗೆ ಇದಕ್ಕಿಂತ ಗಂಭೀರವಾದ ವಾರ್ತೆ ಇನ್ನೊಂದಿಲ್ಲ. ಭೂಮಿಯನ್ನು ಕಾಯಿಸುತ್ತಿರುವುದೂ ಇದೇ ಅನಿಲವಷ್ಟೆ. ಹೂವಾಡುವ ಕಾಲದಲ್ಲಿ ತಾಪವು 35 ಡಿಗ್ರಿಯನ್ನು ಮೀರಿದರೆ ಕಡಲೆಯ ಪರಾಗವು ಬಂಜೆಯಾಗಿ ಹೂವು ಉದುರುವುದು.

ಇಂತಿರಲು, ಕೈಯಾರೆ ಬೇರುಗಂಟನ್ನು ಕೆಡಿಸಿಕೊಳ್ಳುವ ಒಂದು ರೂಢಿಯನ್ನು ನಾವು ಬಿಡಲೇಬೇಕು. ಕಬ್ಬಿಗೆ, ಗೋವಿನಜೋಳಕ್ಕೆ ಹಾಕಿದಂತೆ ಕಾಳುಬೆಳೆಗೂ ಯೂರಿಯಾ ಸುರಿದರೆ, ಮಣ್ಣಿನಲ್ಲಿ ಸುಲಭವಾಗಿ ದೊರೆಯುವ ನೈಟ್ರೇಟಿಗೆ ಒಗ್ಗಿದ ಸಸ್ಯವು ಗಂಟು ಕಟ್ಟುವುದನ್ನೇ ತಗ್ಗಿಸಿಬಿಡುವುದು. ಯೂರಿಯಾದ ತಯಾರಿಕೆಯಾದರೂ ನೈಸರ್ಗಿಕ ಅನಿಲವನ್ನು ನುಂಗಿ ಇಂಗಾಲದ ಹೊರೆಯನ್ನು ಹೆಚ್ಚಿಸುವಂಥದೇ ಆಗಿದೆ. ಹೀಗೆ ನಾವು ಹಣ ತೆತ್ತು ಎರಡು ನಷ್ಟಗಳನ್ನು ಕೊಂಡಂತಾಯಿತು. ಬಿತ್ತುವಾಗ ಶಿಫಾರಸಿನಂತೆ ಕೊಡುವ ಅಲ್ಪ ಸಾರಜನಕಕ್ಕೆ ನಮ್ಮ ಆಕ್ಷೇಪವಿಲ್ಲ. ಗಂಟಿಗೆ ನಿಜವಾಗಿ ಬೇಕಾದುದು ರಂಜಕ; ಸುಣ್ಣ ಬೆರೆತ ಎರೆಮಣ್ಣು ಅದನ್ನು ಬಿಗಿಹಿಡಿದು ಬೇರಿಗೆ ಸಲೀಸಾಗಿ ಬಿಟ್ಟುಕೊಡುವುದಿಲ್ಲವಾದ್ದರಿಂದ, ಯೂರಿಯಾಕ್ಕೆ ತೆರುವ ಹಣವನ್ನು ರಂಜಕಕ್ಕೂ ಕೊಟ್ಟಿಗೆ ಗೊಬ್ಬರಕ್ಕೂ ವಿನಿಯೋಗಿಸುವುದು ಯುಕ್ತ.

ಬೀಜಕ್ಕೆ ರೈಜೋಬಿಯಂ ಲೇಪಿಸಿರಿ. ಕಡಲೆಯ ಜೀವಾಣು ಸೋಯಾಬೀನಿಗೆ ಒದಗದು, ಆಯಾ ಬೆಳೆಯದನ್ನೇ ಕೇಳಿ ಪಡೆಯಬೇಕು. ಬೆಲ್ಲದ ಅಂಟಿನಲ್ಲಿ ಕಲಸಿ ಬೀಜಕ್ಕೆ ಹಚ್ಚಿ, ಬಿಸಿಲಿಗೊಡ್ಡದೆ ನೆರಳಿನಲ್ಲಿ ಆರಿಸಿ, ಆ ದಿನವೇ ಬಿತ್ತಬೇಕು. ಶಿಲೀಂಧ್ರನಾಶಕವನ್ನು ಹಚ್ಚುವುದಿದ್ದರೆ ಅದು ಮೊದಲು, ಜೀವಾಣು ಕೊನೆಗೆ. ಎಡೆ ಹೊಡೆದು, ಬದು ಕಟ್ಟಿ ಹಸಿಯನ್ನು ಕಾಪಾಡಿರಿ. ಹೂವಾಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣುಸಹಿತ ಅಗೆದು ಗಂಟನ್ನು ಉಗುರಿನಿಂದ ಸೀಳಿ ನೋಡಿದರೆ, ಒಳಗೆ ಕೆಂಪಾಗಿದ್ದಲ್ಲಿ ಅದು ದುಡಿಯುತ್ತಿದೆಯೆಂದೂ, ಹಸಿರು ಅಥವಾ ಬೂದು ಬಣ್ಣವಿದ್ದಲ್ಲಿ ಸೋತಿದೆಯೆಂದೂ ತಿಳಿಯಬೇಕು.

ಜೀವಾಣುವಿನ ಪೊಟ್ಟಣಕ್ಕಾಗಿ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಾಗಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಾಗಲಿ ಬಿತ್ತಿಗೆಗೆ ಮುಂಚಿತವಾಗಿಯೇ ವಿಚಾರಿಸಿರಿ. ಬರುವ ಹಿಂಗಾರಿಯಲ್ಲಿ ಕಡಲೆಯ ಹೊಲಕ್ಕೆ ಯೂರಿಯಾ ಚೀಲವನ್ನು ಒಯ್ಯಬೇಡಿರಿ.