ಕಂದಾಯದ ರಸೀದಿ ನಮ್ಮ ಕೈಲಿ, ಕಂದಾಯದ ಲೆಕ್ಕ ಯಾರ ಕೈಲಿ?



ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಕೊನೆತನಕ ಓದಿ. ವಿಷಯ ಮನೆ ಕಂದಾಯ. "ಇದೇನಣ್ಣ, ದೌರ್ಜನ್ಯ, ಭೂಮಿ, ಒಳಮೀಸಲಾತಿ ಎಲ್ಲಾ ಬಿಟ್ಟು ಕಂದಾಯ ಹಿಡ್ಕೊಂಡು ಕೂತೆ" ಅಂತ ಕೆಲವರು ಕೇಳ್ತೀರಿ, ಗೊತ್ತು. ಕೇಳಿ, ಆದರೆ ಓದಿ ಆದಮೇಲೆ ಕೇಳಿ.

ಹೋದ ಏಪ್ರಿಲ್‌ನಲ್ಲಿ ನಮ್ಮ ಕೇರಿಯ ದೊಡ್ಡಮ್ಮ ಒಬ್ಬರ ಜೊತೆ ಕಂದಾಯ ಕಟ್ಟೋಕೆ ಹೋಗಿದ್ದೆ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಕ್ಕುಪತ್ರ, ರೇಷನ್ ಕಾರ್ಡು, ಗಂಡನ ಕಾಲದಿಂದ ಮಡಚಿಟ್ಟ ರಸೀದಿಗಳು. "ಏಪ್ರಿಲ್‌ನಲ್ಲೇ ಕಟ್ಟಿದ್ರೆ ಐದು ಪರ್ಸೆಂಟ್ ಬಿಡ್ತಾರಂತೆ ಕಣಪ್ಪ" ಅಂದ್ರು. ಅವರಿಗೆ ಆ ಐದು ಪರ್ಸೆಂಟಿನಲ್ಲಿ ಉಳಿಯೋದು ಒಂದು ಊಟದ ದುಡ್ಡು. ಅದಕ್ಕೆ ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ರು. ಕೌಂಟರಿನಲ್ಲಿ, "ಕಂಪ್ಯೂಟರಿನಲ್ಲಿ ನಿಮ್ಮ ಹೆಸರು ಬರ್ತಿಲ್ಲ, ನಾಳೆ ಬನ್ನಿ" ಅಂದ್ರು. ಮೂರನೇ ಸಲಕ್ಕೆ ಕೆಲಸ ಆಯ್ತು. ರಸೀದಿ ಕಣ್ಣಿಗೆ ಒತ್ಕೊಂಡು ಕವರಿಗೆ ಹಾಕ್ಕೊಂಡ್ರು.

ವಾಪಸ್ ಬರುವಾಗ ಆಟೋ ಬಿ.ಎಚ್. ರಸ್ತೆ ಸಿಗ್ನಲ್ಲಿನಲ್ಲಿ ನಿಂತಿತ್ತು. ಪಕ್ಕದಲ್ಲಿ ನಾಲ್ಕು ಮಹಡಿ ಕಾಂಪ್ಲೆಕ್ಸು, ಕೆಳಗೆಲ್ಲ ಅಂಗಡಿ. ದೊಡ್ಡಮ್ಮ ತಲೆ ಎತ್ತಿ ನೋಡಿ ಕೇಳಿದ್ರು: "ಇವ್ರು ಎಷ್ಟು ಕಟ್ತಾರೋ ಮಗ?"

ನಾನು ಗುಮಾಸ್ತ. ಇಷ್ಟು ವರ್ಷ ರಿಜಿಸ್ಟರು, ಫೈಲು, ಲೆಡ್ಜರುಗಳ ನಡುವೆನೇ ಬದುಕಿದೀನಿ. ಆದರೂ ಉತ್ತರ ಹೇಳೋಕಾಗ್ಲಿಲ್ಲ. ಆ ಪ್ರಶ್ನೆ ಬಿಡದೆ ಕಾಡಿದ್ದಕ್ಕೆ ಈ ಬರಹ.

ಮೊದಲು ಲೆಕ್ಕ ಹೇಗೆ ಹಾಕ್ತಾರೆ ಅನ್ನೋದು ತಿಳ್ಕೊಳ್ಳೋಣ. ತುಮಕೂರು ಮಹಾನಗರ ಪಾಲಿಕೆ 1976ರ ಪಾಲಿಕೆ ಕಾಯ್ದೆ ಕೆಳಗೆ ಬರುತ್ತೆ. ಕುಣಿಗಲ್ ಪುರಸಭೆ, ಗುಬ್ಬಿ ಪಟ್ಟಣ ಪಂಚಾಯ್ತಿ 1964ರ ಪುರಸಭೆ ಕಾಯ್ದೆ ಕೆಳಗೆ. ಬೋರ್ಡು ಬೇರೆ, ಕಂದಾಯದ ವಿಧಾನ ಹೆಚ್ಚುಕಮ್ಮಿ ಒಂದೇ. ಅದರ ಹೆಸರು ಸ್ವಯಂ ಘೋಷಣೆ. ಅಂದರೆ ಮನೆ ಎಷ್ಟು ಚದರ, ವಾಸಕ್ಕೋ ವ್ಯಾಪಾರಕ್ಕೋ, ಎಷ್ಟು ವರ್ಷದ ಕಟ್ಟಡ ಅಂತ ಮಾಲೀಕನೇ ಫಾರಂ ತುಂಬಿ, ಮಾಲೀಕನೇ ಲೆಕ್ಕ ಹಾಕಿ, ಮಾಲೀಕನೇ ಕಟ್ಟೋದು.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಿವೇಶನಕ್ಕೆ, ಕಟ್ಟಡಕ್ಕೆ ಒಂದು ಮಾರ್ಗಸೂಚಿ ಬೆಲೆ ಇರುತ್ತೆ. 2021ರಿಂದ ಆ ಬೆಲೆಯ ಶೇ 25ರಷ್ಟನ್ನ ಆಧಾರ ಮಾಡ್ಕೊಂಡು, ಕಟ್ಟಡ ಹಳೇದಾದಷ್ಟೂ ಸವಕಳಿ ಕಳೆದು, ಅದಕ್ಕೆ ಸ್ಥಳೀಯ ಸಂಸ್ಥೆ ಗೊತ್ತುಮಾಡಿದ ದರ ಹಾಕ್ತಾರೆ. ವಾಸಕ್ಕೆ ಒಂದು ದರ, ವಾಣಿಜ್ಯಕ್ಕೆ ಅದಕ್ಕಿಂತ ಜಾಸ್ತಿ ದರ, ಖಾಲಿ ಸೈಟಿಗೂ ಒಂದು ದರ.

ಬರೀ ಉದಾಹರಣೆಗೆ ಹೇಳ್ತೀನಿ. ಸೈಟು, ಮನೆ ಎರಡೂ ಸೇರಿ ಮಾರ್ಗಸೂಚಿ ಬೆಲೆ 12 ಲಕ್ಷ ಅಂದ್ಕೊಳ್ಳಿ. ಶೇ 25 ಅಂದ್ರೆ 3 ಲಕ್ಷ. ದರ ನೂರಕ್ಕೆ ಅರ್ಧ ರೂಪಾಯಿ ಅಂದ್ಕೊಂಡ್ರೆ ಕಂದಾಯ 1,500. ಇದರ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3, ಸಾರಿಗೆ ಕರ ಶೇ 2. ಒಟ್ಟು ಶೇ 26, ಅಂದ್ರೆ ಇನ್ನೂ 390 ರೂಪಾಯಿ. ಕಸದ ಶುಲ್ಕ ಬೇರೆ. ಏಪ್ರಿಲ್‌ನಲ್ಲಿ ಕಟ್ಟಿದ್ರೆ ಶೇ 5 ರಿಯಾಯಿತಿ, ಜೂನ್ ದಾಟಿದ್ರೆ ತಿಂಗಳಿಗೆ ಶೇ 2 ದಂಡ.

ಈಗ ಯೋಚನೆ ಮಾಡಿ. ದೊಡ್ಡಮ್ಮನ ಮನೆ ಒಂದೂವರೆ ಚದರ. ಅವರು ಸುಳ್ಳು ಬರೆಯೋಕೆ ಅಲ್ಲಿ ಏನಿದೆ? ಬಿಲ್ ಕಲೆಕ್ಟರ್ ಬಾಗಿಲಲ್ಲಿ ನಿಂತರೆ ಇಡೀ ಮನೆ ಕಾಣುತ್ತೆ. ಸುಳ್ಳು ಬರೆಯೋಕೆ ಜಾಗ ಇರೋದು ದೊಡ್ಡ ಕಟ್ಟಡದಲ್ಲಿ. ಮೂರನೇ ಮಹಡಿ ಲೆಕ್ಕಕ್ಕೆ ಬರಲ್ಲ. ಕೆಳಗೆ ಆರು ಅಂಗಡಿ ಇದ್ರೂ ಫಾರಂನಲ್ಲಿ "ವಾಸದ ಮನೆ". ಎಲ್ಲರೂ ಹಿಂಗೇ ಮಾಡ್ತಾರೆ ಅಂತ ನಾನು ಹೇಳ್ತಿಲ್ಲ. ನೆಟ್ಟಗೆ ಕಟ್ಟೋರೂ ಇದಾರೆ. ಆದರೆ ಮಾಡಿದ್ರೆ ಯಾರಿಗೆ ಗೊತ್ತಾಗುತ್ತೆ? ಘೋಷಣೆಗಳನ್ನ ಪರಿಶೀಲಿಸಿ, ಕಮ್ಮಿ ತೋರ್ಸಿದ್ರೆ ವ್ಯತ್ಯಾಸನೂ ದಂಡನೂ ವಸೂಲಿ ಮಾಡೋ ಅಧಿಕಾರ ಕಾಯ್ದೆಯಲ್ಲೇ ಇದೆ. ಟೇಪು ಹಿಡ್ಕೊಂಡು ಅಳೆಯೋಕೆ ಹೋಗಬೇಕಷ್ಟೆ.

ಇದು ನಮ್ಮ ಹೋರಾಟದ ವಿಷಯ ಯಾಕೆ ಅಂದ್ರೆ, ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ನಿಧಿಯಲ್ಲಿ ಶೇ 24.10ರಷ್ಟನ್ನ ಪರಿಶಿಷ್ಟ ಜಾತಿ, ಪಂಗಡದವರ ಕಲ್ಯಾಣಕ್ಕೆ ತೆಗೆದಿಡಬೇಕು. ನಮ್ಮ ಹುಡುಗರ ಓದಿಗೆ ಕೊಡೋ ಸಹಾಯಧನ, ಕೇರಿಯ ಚರಂಡಿ, ರಸ್ತೆ, ದೀಪ ಇದರಲ್ಲೇ ಬರೋದು. ಆ ಸ್ವಂತ ನಿಧಿಗೆ ದೊಡ್ಡ ಮೂಲ ಯಾವುದು? ಇದೇ ಆಸ್ತಿ ತೆರಿಗೆ.

ಅಂದ್ಮೇಲೆ ದೊಡ್ಡ ಕಟ್ಟಡವೊಂದು ಒಂದು ಲಕ್ಷ ಕಂದಾಯ ಮುಚ್ಚಿಟ್ರೆ, ಸರಳ ಲೆಕ್ಕದಲ್ಲಿ 24,100 ರೂಪಾಯಿ ನಮ್ಮ ಕೇರಿದು. ಅಂಥ ಇಪ್ಪತ್ತು ಕಟ್ಟಡ ಇದ್ರೆ 4,82,000. ಯಾವ ಯಾವ ಖರ್ಚು ಕಳೆದು ಈ ಪಾಲು ತೆಗೀತಾರೆ ಅನ್ನೋದು ಏನೇ ಇರಲಿ, ಒಟ್ಟು ಮೊತ್ತ ಕಿರಿದಾದ್ರೆ ನಮ್ಮ ಪಾಲೂ ಕಿರಿದಾಗುತ್ತೆ. ನಾವು ಪ್ರತಿ ವರ್ಷ "24.10 ಖರ್ಚು ಮಾಡಿ, ಬೇರೆ ಕಡೆಗೆ ತಿರುಗಿಸಬೇಡಿ" ಅಂತ ಮನವಿ ಕೊಡ್ತೀವಿ. ಸರಿಯಾದ ಕೆಲಸನೇ. ಆದರೆ ಯಾವುದರ 24.10 ಅಂತ ಒಂದು ಸಲನಾದ್ರೂ ಕೇಳಿದೀವಾ? ಅನ್ನದ ತಟ್ಟೆ ಹಂಚೋವಾಗ ಜಗಳ ಆಡ್ತೀವಿ, ಪಾತ್ರೆಗೆ ಎಷ್ಟು ಅಕ್ಕಿ ಹಾಕಿದ್ರು ಅಂತ ನೋಡಲ್ಲ.

ಕೆಲವು ಸಂಗಾತಿಗಳು, "ಕೇರಿಯೋರಿಗೆ ಕಂದಾಯನೇ ಬೇಡ, ಪೂರ್ತಿ ಮನ್ನಾ ಮಾಡ್ಲಿ" ಅಂತಾರೆ. ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. ನಲ್ಲಿಯಲ್ಲಿ ನೀರು ಬಾರದ ಬೀದಿಯೋರು ಯಾಕೆ ಕಟ್ಟಬೇಕು? ಆದರೂ ನಾನು ಒಪ್ಪಲ್ಲ. ಮಹಾಡ್ ನೆನಪು ಮಾಡ್ಕೊಳ್ಳಿ. 1923ರಲ್ಲಿ ಬೊಂಬಾಯಿ ಶಾಸನ ಸಭೆಯಲ್ಲಿ ಎಸ್.ಕೆ. ಬೋಳೆ ಅವರ ನಿರ್ಣಯ ಪಾಸಾಯ್ತು. ಸಾರ್ವಜನಿಕ ಹಣದಲ್ಲಿ ನಡೆಯೋ ಕೆರೆ, ಬಾವಿ, ಶಾಲೆ ಅಸ್ಪೃಶ್ಯರಿಗೂ ಸೇರಿದ್ದು ಅಂತ. 1924ರಲ್ಲಿ ಮಹಾಡ್ ಪುರಸಭೆ ಚವದಾರ್ ಕೆರೆ ತೆರೆದಿದೀವಿ ಅಂತ ನಿರ್ಣಯ ಮಾಡ್ತು. ಅದು ಕಾಗದದಲ್ಲೇ ಉಳೀತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಹೋಗಿ ಆ ನೀರು ಕುಡಿದರು. ಕೆರೆ ಪುರಸಭೆದು, ಪುರಸಭೆ ಎಲ್ಲರದು ಅನ್ನೋದೇ ಅಲ್ಲಿ ವಾದದ ಬೇರು. ಸಾರ್ವಜನಿಕ ಹಣಕಾಸಿನ ಮೇಲೆ 1925ರಲ್ಲೇ ಪುಸ್ತಕ ಬರೆದ ಮನುಷ್ಯ ಅವರು. ಅವರ ಫೋಟೋ ಹಿಡಿದು ಮೆರವಣಿಗೆ ಮಾಡೋ ನಾವು ಬಜೆಟ್ ಪುಸ್ತಕ ಕಂಡ್ರೆ ದೂರ ಓಡೋದು ಸರಿಯಲ್ಲ.

ಹಂಗಂತ ಎಲ್ಲಾ ಸರಿ ಇದೆ ಅಂತಲ್ಲ. 2025ರ ಫೆಬ್ರವರಿಯಲ್ಲಿ ಅನಧಿಕೃತ ಬಡಾವಣೆಗಳಿಗೆ ಬಿ ಖಾತೆ ಅಭಿಯಾನ ಶುರುವಾಯ್ತು. ಮೊದಲ ವರ್ಷ ಎರಡು ಪಟ್ಟು ಕಂದಾಯ, ಆಮೇಲೆ ಒಂದು ಪಟ್ಟು. ಊರಾಚೆ ರೆವಿನ್ಯೂ ಸೈಟು ತಗೊಂಡೋರಲ್ಲಿ ನಮ್ಮೋರು ಎಷ್ಟು ಜನ ಇಲ್ಲ? ಅಪ್ರೂವ್ಡ್ ಲೇಔಟಿನಲ್ಲಿ ಜಾತಿ ಕೇಳಿ "ಸೈಟು ಖಾಲಿ ಆಗಿದೆ" ಅಂದೋರು ಯಾರು? ಅಂಥ ಬಡವನಿಗೂ, ಗೊತ್ತಿದ್ದೇ ಲೇಔಟು ಮಾಡಿ ಕಾಸು ಮಾಡ್ಕೊಂಡು ಹೋದವನಿಗೂ ಒಂದೇ ತಕ್ಕಡಿ ಹೆಂಗೆ? ದಂಡ ಹಾಕೋದಿದ್ರೆ ಲೇಔಟು ಮಾಡಿದವನಿಗೆ ಹಾಕಿ. ಇನ್ನೊಂದು ಮಾತು ನಮ್ಮೋರಿಗೆ: ಖಾತೆ, ಕಂದಾಯದ ರಸೀದಿ ಎರಡೂ ಮಾಲೀಕತ್ವದ ಪತ್ರ ಅಲ್ಲ. ಕಂದಾಯ ಕಟ್ಟಿದೀವಿ ಅಂತ ಹಕ್ಕುಪತ್ರದ ಅರ್ಜಿ ಕೈಬಿಡಬೇಡಿ.

ಹಾಗಾದ್ರೆ ಏನು ಮಾಡೋಣ? ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆಯ ಗೆಳೆಯರಿಗೆ ನನ್ನ ಕೋರಿಕೆ ಇಷ್ಟು.

ಒಂದು: ಪ್ರತಿ ಸಂಸ್ಥೆಯಲ್ಲೂ ಬೇಡಿಕೆ, ವಸೂಲಿ, ಬಾಕಿ ಅಂತ ಒಂದು ತಖ್ತೆ ಇರುತ್ತೆ. ವಾರ್ಡುವಾರು ಆ ತಖ್ತೆ, ವಾಣಿಜ್ಯ ಕಟ್ಟಡಗಳ ಪಟ್ಟಿ, ಅತಿ ಹೆಚ್ಚು ಬಾಕಿ ಇರೋ ನೂರು ಆಸ್ತಿಗಳ ಪಟ್ಟಿ ನೋಟಿಸ್ ಬೋರ್ಡಿಗೆ ಹಾಕಿ ಅಂತ ಮನವಿ ಕೊಡೋಣ. ಹಾಕದಿದ್ರೆ ಮಾಹಿತಿ ಹಕ್ಕು ಇದೆ. 10 ರೂಪಾಯಿ ಪೋಸ್ಟಲ್ ಆರ್ಡರು, 30 ದಿನ.

ಎರಡು: 24.10ರ ಮನವಿ ಕೊಡೋವಾಗೆಲ್ಲ, ಆ ವರ್ಷದ ಸ್ವಂತ ನಿಧಿ ಎಷ್ಟು, ಅದರಲ್ಲಿ ಆಸ್ತಿ ತೆರಿಗೆ ಎಷ್ಟು, ಬಾಕಿ ಎಷ್ಟು ಅಂತ ಜೊತೆಗೇ ಕೇಳೋಣ.

ಮೂರು: ಮುಖ್ಯ ರಸ್ತೆಗಳ ವಾಣಿಜ್ಯ ಕಟ್ಟಡಗಳನ್ನ ಅಳತೆ ಮಾಡಿ, ಘೋಷಣೆ ಜೊತೆ ತಾಳೆ ನೋಡಿ ಅಂತ ಒತ್ತಾಯ ಮಾಡೋಣ.

ನಾಲ್ಕು: ಕೇರಿಗಳಿಗೇ ಬಂದು ಖಾತೆ ಶಿಬಿರ ಮಾಡ್ಲಿ. ಕೂಲಿ ಬಿಟ್ಟು ಮೂರು ಸಲ ಕೌಂಟರಿಗೆ ಹೋಗೋದು ಯಾವ ದಂಡಕ್ಕೂ ಕಮ್ಮಿ ಅಲ್ಲ.

ಅಳತೆ ಟೇಪು ನಮ್ಮ ಮನೆ ಬಾಗಿಲಿಗೆ ಎಷ್ಟು ಸಲೀಸಾಗಿ ಬರುತ್ತೋ ಬಿ.ಎಚ್. ರಸ್ತೆಗೂ ಅಷ್ಟೇ ಸಲೀಸಾಗಿ ಹೋಗ್ಲಿ. ಇದರಲ್ಲಿ ಯಾರ ಮೇಲೂ ದ್ವೇಷ ಇಲ್ಲ.

ನಾನು ಮೊದಲ ಅರ್ಜಿ ಬರೆದಿಟ್ಟಿದೀನಿ. ಕರಡು ಬೇಕಾದೋರು ಇನ್‌ಬಾಕ್ಸಿಗೆ ಬನ್ನಿ, ಕಳಿಸ್ತೀನಿ. ಉತ್ತರ ಬಂದ ದಿನ ಮೊದಲು ದೊಡ್ಡಮ್ಮನ ಮನೆಗೆ ಹೋಗಿ ಓದಿ ಹೇಳ್ತೀನಿ. ಅವರು ಕೇಳಿ ವರ್ಷ ಆಗ್ತಾ ಬಂತು.

ಜೈ ಭೀಮ್.