"ನೋಡ್ಕೊಂಡು ದಾಟಬೇಕಿತ್ತು" ಅನ್ನೋ ಮೊದಲು ಇದನ್ನ ಓದಿ

1/7
ರಸ್ತೆ ದಾಟ್ತಿದ್ದೋರಿಗೆ ಗಾಡಿ ಗುದ್ದಿದ ತಕ್ಷಣ ಸುತ್ತ ಸೇರಿದ ಜನರ ಬಾಯಲ್ಲಿ ಬರೋ ಮೊದಲ ಮಾತು ಯಾವುದು ಹೇಳಿ? "ನೋಡ್ಕೊಂಡು ದಾಟಬೇಕಿತ್ತಪ್ಪ." ಬಿದ್ದೋರು ಇನ್ನೂ ಎದ್ದಿರಲ್ಲ, ತೀರ್ಪು ಆಗಲೇ ಬಂದಿರುತ್ತೆ. ಗುದ್ದಿದೋನೂ ಅದೇ ಗುಂಪಲ್ಲಿ ನಿಂತು ತಲೆ ಆಡಿಸ್ತಿರ್ತಾನೆ. ಈ ಮಾತು ಕಾನೂನಲ್ಲ, ನಮ್ಮ ಕೆಟ್ಟ ಅಭ್ಯಾಸ. ಇದರಿಂದ ಎಷ್ಟೋ ಮನೆಗೆ ಸಿಗಬೇಕಾದ ಪರಿಹಾರವೂ ಹೋಗುತ್ತೆ, ನ್ಯಾಯವೂ ಹೋಗುತ್ತೆ.

2/7
ಮಂಗಳೂರು–ತುಮಕೂರು ರಾಷ್ಟ್ರೀಯ ಹೆದ್ದಾರಿ 73 ಬೇಲೂರು, ಹಳೇಬೀಡು, ಅರಸೀಕೆರೆ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದೆ. ಲಾರಿ ಓಡಿಸೋರಿಗೆ ಅದು ಹೆದ್ದಾರಿ, ನಮಗೆ ಅದು ಊರಿನ ಬೀದಿ. ಅರಸೀಕೆರೇಲಿ ರೈಲಿಳಿದು ಬಸ್ ಸ್ಟ್ಯಾಂಡಿಗೆ ಹೋಗೋರು, ಕೊಬ್ಬರಿ ಮಾರಾಟಕ್ಕೆ ಬಂದ ರೈತರು, ಶಾಲೆ ಮಕ್ಕಳು ಎಲ್ಲರೂ ನಡೆದೇ ದಾಟಬೇಕು. ಬೇಲೂರು, ಹಳೇಬೀಡಿನ ದೇವಸ್ಥಾನಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು, ನಮಗೆಲ್ಲ ಹೆಮ್ಮೆ. ಆದರೆ ಅವನ್ನ ನೋಡೋಕೆ ಬಂದ ಅಜ್ಜಿ ರಸ್ತೆ ದಾಟೋಕೆ ಜೀವ ಕೈಯಲ್ಲಿ ಹಿಡ್ಕೋಬೇಕಾದ್ರೆ ಅದೇನು ಹೆಮ್ಮೆ?

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತೋರು 1,68,491. ಅದರಲ್ಲಿ 32,825 ಮಂದಿ ಪಾದಚಾರಿಗಳು. ಸುಮಾರು ಐವರಲ್ಲಿ ಒಬ್ಬರು.

3/7
ಈಗ ಕಾನೂನು. 2017ರ ಮೋಟಾರು ವಾಹನ ಚಾಲನಾ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ: ಸಿಗ್ನಲ್ ಆಗಲಿ ಪೊಲೀಸ್ ಆಗಲಿ ಇಲ್ಲದ ಜೀಬ್ರಾ ಕ್ರಾಸಿಂಗ್ ಬಂದಾಗ ಚಾಲಕ ವೇಗ ತಗ್ಗಿಸಬೇಕು, ನಿಲ್ಲಿಸಬೇಕು, ಪಾದಚಾರಿಗೆ ದಾರಿ ಬಿಡಬೇಕು. ಹಾರ್ನ್ ಹೊಡೆದು ಓಡಿಸಬೇಕು ಅಂತ ಎಲ್ಲೂ ಬರೆದಿಲ್ಲ! ಟ್ರಾಫಿಕ್ಕಲ್ಲಿ ಆ ಪಟ್ಟೆ ಮೇಲೇ ಗಾಡಿ ತಂದು ನಿಲ್ಲಿಸೋದೂ ತಪ್ಪು. ಫುಟ್‌ಪಾತ್ ಮೇಲೆ ಬೈಕ್ ಹತ್ತಿಸೋದೂ ತಪ್ಪು. ಯೋಗ್ಯ ಫುಟ್‌ಪಾತ್ ಅನ್ನೋದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲೇ ಹೇಳಿದೆ.

4/7
"ಹಂಗಾದ್ರೆ ನಡೆಯೋರದ್ದು ತಪ್ಪೇ ಇರಲ್ವಾ?" ಅಂತ ಕೇಳ್ತೀರಿ. ಇರಬಹುದು. ಫೋನ್ ನೋಡ್ತಾ ದಿಢೀರ್ ಅಂತ ನುಗ್ಗಿದ್ರೆ ಕೋರ್ಟು ತಪ್ಪನ್ನ ಇಬ್ಬರಿಗೂ ಹಂಚಿ, ಪರಿಹಾರದಲ್ಲಿ ಅಷ್ಟು ಪಾಲು ಕಡಿಮೆ ಮಾಡುತ್ತೆ. ಆದರೆ ಆ ತಪ್ಪನ್ನ ಸಾಕ್ಷಿ ಸಮೇತ ತೋರಿಸಬೇಕಾದ್ದು ಆರೋಪ ಮಾಡೋರು, ಅಂದ್ರೆ ಚಾಲಕ ಅಥವಾ ಇನ್ಶೂರೆನ್ಸ್ ಕಂಪನಿ. ಗಾಯಗೊಂಡೋರ ಕಡೆಯಿಂದ ಕ್ಲೇಮ್ ಕೇಸಿಗೆ ಕ್ರಿಮಿನಲ್ ಕೇಸಿನಷ್ಟು ಗಟ್ಟಿ ಪುರಾವೆ ಬೇಕಿಲ್ಲ, ಹೀಗೇ ಆಗಿರೋ ಸಾಧ್ಯತೆ ಹೆಚ್ಚು ಅಂತ ತೋರಿಸಿದ್ರೆ ಸಾಕು. ಇನ್ನು ಜೀಬ್ರಾ ಪಟ್ಟೆ ಮೇಲೇ ಇದ್ದೋರಿಗೆ ಗುದ್ದಿದ್ರೆ? "ಅಡ್ಡ ಬಂದ್ರು" ಅನ್ನೋ ಮಾತಿಗೆ ಅರ್ಥವೇ ಇಲ್ಲ. ಅಡ್ಡ ಬರೋಕೇ ಇರೋ ಜಾಗ ಅದು!

5/7
ಅತೀ ದೊಡ್ಡ ಮೋಸ ನಡೆಯೋದು ರಸ್ತೆ ಬದೀಲಿ. "ಐದು ಸಾವಿರ ಇಟ್ಕೊಳ್ಳಿ, ಕೇಸ್ ಯಾಕೆ, ಕೋರ್ಟು ಅಲೀತೀರಾ?" ಆ ರಾಜಿಗೆ ಒಪ್ಪಬೇಡಿ. ಇಷ್ಟು ಮಾಡಿ:

• ಮೊದಲು ಆಸ್ಪತ್ರೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸೋದು, ಪೊಲೀಸರಿಗೆ ತಿಳಿಸೋದು ಚಾಲಕನ ಕಾನೂನುಬದ್ಧ ಕರ್ತವ್ಯ. ನೆರವಾದ ದಾರಿಹೋಕರಿಗೂ ಕಾನೂನಿನ ರಕ್ಷಣೆ ಇದೆ, ಹೆದರಬೇಡಿ.
• ಗಾಡಿ ನಂಬರ್, ಪಟ್ಟೆ, ಬ್ರೇಕ್ ಗುರುತು ಎಲ್ಲದರ ಫೋಟೊ ತೆಗೀರಿ.
• ಎಫ್‌ಐಆರ್ ಮಾಡಿಸಿ, ಪ್ರತಿ ಕೇಳಿ. ಪೊಲೀಸರು 48 ಗಂಟೆಯೊಳಗೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಮೊದಲ ಅಪಘಾತ ವರದಿ ಕೊಡಬೇಕು.
• ಪರಿಹಾರದ ಅರ್ಜಿಯನ್ನ 6 ತಿಂಗಳೊಳಗೆ ಹಾಕಿ. ಬೆಂಗಳೂರಲ್ಲಿ ಗುದ್ದಿದ್ರೂ ನೀವು ವಾಸ ಇರೋ ಕಡೆಯ ಟ್ರಿಬ್ಯೂನಲ್‌ಗೇ ಹಾಕಬಹುದು.
• ಗುದ್ದಿ ಓಡಿಹೋದ ಗಾಡಿ ಸಿಗದಿದ್ರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಸರ್ಕಾರಿ ಯೋಜನೇಲಿ ಇದೆ.
• ವಕೀಲರಿಗೆ ಕೊಡೋಕೆ ದುಡ್ಡಿಲ್ವಾ? ತಾಲ್ಲೂಕು ಕಾನೂನು ಸೇವಾ ಸಮಿತಿ ಕೇಳಿ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದೋರಿಗೆ ನೆರವು ಉಚಿತ.

ಜೀವ ಹೋಗಿದ್ರಂತೂ ಯಾವ ಪಂಚಾಯ್ತಿ ಕಟ್ಟೇಲೂ ರಾಜಿ ಆಗಲ್ಲ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣ ಆದ್ರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೂ ಜೈಲು.

6/7
"ನಮ್ಮೂರಲ್ಲಿ ಪಟ್ಟೆನೇ ಇಲ್ವಲ್ಲ" ಅಂತೀರಾ? ಸರಿಯಾದ ಪ್ರಶ್ನೆ, ಆದರೆ ಕೇಳಬೇಕಾದ್ದು ಬಿದ್ದೋರನ್ನಲ್ಲ. ರಸ್ತೆಯ ವಿನ್ಯಾಸ, ನಿರ್ವಹಣೆ ಮಾನದಂಡದ ಪ್ರಕಾರ ಇಲ್ಲದೆ ಸಾವು ಅಥವಾ ಅಂಗವೈಕಲ್ಯ ಆದ್ರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರರಿಗೆ 1 ಲಕ್ಷದವರೆಗೆ ದಂಡ ಅಂತ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 198ಎ ಸೇರಿಸಿದ್ದಾರೆ. ನಗರಸಭೆ, ಪುರಸಭೆ, ಪಂಚಾಯ್ತಿ, ಹೆದ್ದಾರಿ ವಿಭಾಗ: ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ. ನಾಳೆ ಅದೇ ಜಾಗದಲ್ಲಿ ಅನಾಹುತ ಆದ್ರೆ "ನಮಗೆ ಗೊತ್ತಿರಲಿಲ್ಲ" ಅನ್ನೋಕೆ ಬರಲ್ಲ. ಪಟ್ಟೆ ಇಲ್ಲ ಅನ್ನೋದು ಚಾಲಕನಿಗೂ ಲೈಸೆನ್ಸ್ ಅಲ್ಲ, ಜಂಕ್ಷನ್ ಹತ್ತಿರ ವೇಗ ಇಳಿಸಲೇಬೇಕು.

7/7
ಬೈಕು, ಕಾರು, ಟ್ರ್ಯಾಕ್ಟರ್ ಇರೋರು ಬೇಜಾರು ಮಾಡ್ಕೋಬೇಡಿ. ಗಾಡಿ ನಿಲ್ಲಿಸಿ ಇಳಿದ ಮರುಕ್ಷಣ ನೀವೂ ಪಾದಚಾರಿನೇ. ನಿಮ್ಮ ಅಮ್ಮ ಸಂತೆಗೆ ಹೋಗೋದೂ, ಮಗಳು ಶಾಲೆಗೆ ಹೋಗೋದೂ ಅದೇ ರಸ್ತೆ ದಾಟಿ. ನೀವು ಬ್ರೇಕ್ ಹಾಕಿದ್ರೆ ಹೋಗೋದು ಹತ್ತು ಸೆಕೆಂಡ್.

ಇನ್ಮುಂದೆ ಯಾರಾದ್ರೂ "ನೋಡ್ಕೊಂಡು ದಾಟಬೇಕಿತ್ತು" ಅಂದ್ರೆ ನೇರವಾಗಿ ಕೇಳಿ: "ನೋಡ್ಕೊಂಡು ಓಡಿಸಬೇಕಿತ್ತಲ್ವಾ?"

5ನೇ ಭಾಗ ಸೇವ್ ಮಾಡ್ಕೊಳ್ಳಿ, ಮನೆಯೋರ ವಾಟ್ಸಾಪ್ ಗ್ರೂಪಿಗೆ ಹಾಕಿ. ನಿಮ್ಮೂರಲ್ಲಿ ಪಟ್ಟೆ ಬೇಕಾದ ಜಾಗ ಯಾವುದು? ಕಾಮೆಂಟಲ್ಲಿ ಬರೀರಿ.

#ಅರಸೀಕೆರೆ #ಬೇಲೂರು #ಹಳೇಬೀಡು #ನಡೆಯೋರಹಕ್ಕು #ಪಟ್ಟೆಬಂದ್ರೆನಿಲ್ಲಿಸಿ