ಮಣ್ಣಿನ ಮೆರುಗು

ಮೇಜಿಗೆ ಬಳಿದ ಮೆರುಗೆಣ್ಣೆ ಒಣಗಲು ಗಂಟೆಗಳೇ ಬೇಕು; ಬಳಿಯುವವನ ಎದೆಗೆ ದ್ರಾವಕದ ಘಾಟು ಬೇರೆ. ಈಗಿನ ಕಾರ್ಖಾನೆಗಳಲ್ಲಿ ನೇರಳಾತೀತ ಕಿರಣ ಸೋಂಕಿದ ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುವ ಪಾಲಿಮರ್ ಲೇಪಗಳುಂಟು. ಅದರೊಳಗಿನ ಪ್ರಚೋದಕವು ಬೆಳಕನ್ನು ಹೀರಿ, ಬಿಡಿ ಅಣುಗಳು ಬಲೆಯಂತೆ ಹೆಣೆದುಕೊಳ್ಳುವಂತೆ ಮಾಡುತ್ತದೆ. ದ್ರಾವಕದ ಅಗತ್ಯ ಅಲ್ಪ, ಘಾಟೂ ಅಲ್ಪ.

ಇಂತಹ ಲೇಪಕ್ಕೆ ಬಲ ಕೊಡಬಲ್ಲದು ಜೇಡಿಮಣ್ಣು! ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಒಂದೊಂದು ಹಾಳೆಯ ದಪ್ಪ ಸುಮಾರು 1 ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ 10 ಲಕ್ಷದಲ್ಲೊಂದು ಪಾಲು. ಆದರೆ ಈ ಮಣ್ಣು ನೀರಿಗೆ ನೆಂಟ, ರಾಳಕ್ಕೆ ಪರಕೀಯ. ಆದುದರಿಂದ ಹಾಳೆಗಳ ನಡುವಣ ಸೋಡಿಯಂ ಅಯಾನುಗಳನ್ನು ತೆಗೆದು, ಎಣ್ಣೆಯ ಗುಣದ ಉದ್ದನೆಯ ಬಾಲವುಳ್ಳ ಅಮೋನಿಯಂ ಅಯಾನುಗಳನ್ನು ಕೂಡಿಸುತ್ತಾರೆ. ಆಗ ಹಾಳೆಗಳು ಸಡಿಲಗೊಂಡು ರಾಳಕ್ಕೆ ಎಡೆಗೊಡುತ್ತವೆ.

ಹೀಗೆ ಹರಡಿದ ಹಾಳೆಗಳನ್ನು ತೇವವೂ ಆಮ್ಲಜನಕವೂ ಸುತ್ತಿ ಬಳಸಿ ದಾಟಬೇಕು. ಅಡಿಯ ಲೋಹಕ್ಕೆ ತುಕ್ಕು ತಡವಾಗುತ್ತದೆ. ಇಂತಹ ಮಣ್ಣು ಕೊಂಚವೇ ಸಾಕೆಂಬುದನ್ನು 1980ರ ದಶಕದಲ್ಲಿ ಜಪಾನಿನ ಟೊಯೋಟಾ ಸಂಶೋಧಕರು ನೈಲಾನಿನಲ್ಲಿ ತೋರಿಸಿದರು: ತೂಕದಲ್ಲಿ ನೂರಕ್ಕೆ 5ರಷ್ಟು. ಮಿತಿಮೀರಿ ಬೆರೆಸಿದರೆ ಹಾಳೆಗಳು ಮುದ್ದೆಗಟ್ಟುತ್ತವೆ. ಲೇಪವು ಮಂಕಾಗಿ, ಬಿರುಕಿಗೆ ಎಡೆಯಾಗುತ್ತದೆ. ಅತಿಯಾದರೆ ಅಮೃತವೂ ವಿಷವೆಂಬುದು ಮಣ್ಣಿಗೂ ಸಲ್ಲುವ ಮಾತು.